ಹೆಡಿಗೆಯ ಅಡಿಯಿಂದ ಹೇಂಟೆಯ ಸಂದರ್ಶನ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೋಳಿ ಸಾಕುವ ಮನೆಗಳಲ್ಲಿ ಒಂದು ವಾದ ಇನ್ನೂ ಮುಗಿದಿಲ್ಲ. ಕಾವು ಮುಗಿಸಿ ಎದ್ದ ಹೇಂಟೆಯನ್ನೂ ಮರಿಗಳನ್ನೂ ಉಳಿದ ಕೋಳಿಗಳ ಜೊತೆ ಬಿಡುವುದು ಯಾವಾಗ? ಎರಡು ತಿಂಗಳು ಬೇರೆ ಇಡಿ ಅನ್ನುವವರಿದ್ದಾರೆ, ವಾರದೊಳಗೇ ಬಿಡಿ ಅನ್ನುವವರೂ ಇದ್ದಾರೆ. ಯೂಟ್ಯೂಬಿನವರು, ಫೀಡ್ ಅಂಗಡಿಯವರು, ಪಶು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತವರು ಎಲ್ಲರೂ ಮಾತಾಡಿಯಾಗಿದೆ. ಅಭಿಪ್ರಾಯ ಕೇಳದೆ ಬಿಟ್ಟದ್ದು ಹೇಂಟೆಯದ್ದು ಮಾತ್ರ. ಅದು ಸದ್ಯ ಸಿದ್ದಾಪುರ ಕಡೆಯ ಅಂಗಳವೊಂದರಲ್ಲಿ ಹನ್ನೊಂದು ಮರಿಗಳ ಸಮೇತ ಕವುಚಿದ ಹೆಡಿಗೆಯ ಅಡಿಯಲ್ಲಿದೆ. ಹೆಡಿಗೆಯ ಮೇಲೊಂದು ಕಲ್ಲು.

ಈ ಕಲ್ಲು ನಿಮ್ಮ ರಕ್ಷಣೆಗೇ ಇಟ್ಟದ್ದಲ್ಲವೇ?

ಮೊದಲ ಮೂರು ನಾಲ್ಕು ದಿನದ ಮಟ್ಟಿಗೆ ಹೌದು ತಮಾ, ಅಷ್ಟಕ್ಕೆ ನನ್ನ ತಕರಾರಿಲ್ಲ. ಮರಿ ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡೇ ಹೊರಗೆ ಬರುತ್ತದೆ. ಎರಡು ಮೂರು ದಿನ ಅದರ ಮೇಲೇ ಬದುಕಬಲ್ಲದು. ಆ ಹೊತ್ತಿಗೆ ಕಾಲು ಗಟ್ಟಿಯಾಗಬೇಕು, ನನ್ನ ದನಿ ಗುರುತಾಗಬೇಕು. ಆಮೇಲಿನ ಕಲ್ಲು ಸಾಕಿದವರ ಮನಸ್ಸಮಾಧಾನಕ್ಕೆ. ಲೆಕ್ಕ ಹಾಕಿ ನೋಡು. ಕಾವಿಗೆ ಕೂತದ್ದು 21 ದಿನ. ಆದರೂ ದಿನಕ್ಕೊಮ್ಮೆ ಎದ್ದು ನುಚ್ಚು ತಿಂದು, ದೂಳಿನಲ್ಲಿ ಹೊರಳಿ, ಎದುರಿಗೆ ಬಂದವಳಿಗೆ ಒಂದು ಕುಕ್ಕು ಕೊಟ್ಟೇ ಬುಟ್ಟಿಗೆ ಮರಳುತ್ತಿದ್ದೆ. ನಾನಿದ್ದೇನೆ ಎಂಬುದು ಎಲ್ಲರಿಗೂ ನೆನಪಿತ್ತು. ಈಗ ಎರಡು ತಿಂಗಳು ಕಣ್ಣಿಗೇ ಬೀಳದಂತೆ ಮುಚ್ಚಿಟ್ಟು ಹೊರಗೆ ಬಿಟ್ಟರೆ ನಾನು ಹೊಸಬಳು. ಹೊಸಬಳಾದವಳು ಎಲ್ಲರ ಜೊತೆಗೂ ಮೊದಲಿಂದ ಜಗಳ ಆಡಲೇಬೇಕು. ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬಾತ ಕೋಳಿಗಳನ್ನೇ ನೋಡುತ್ತ ಕೂತು, ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ನಮ್ಮಲ್ಲಿ ಒಂದು ಏಣಿ ಇದೆ ಎಂದು 1922ರಲ್ಲೇ ಬರೆದ. ಆ ಏಣಿ ನಿಲ್ಲುವುದು ಪರಸ್ಪರ ಗುರುತಿನ ಮೇಲೆ. ಗುರುತು ಅಳಿಸಿಹಾಕಿ, ಆಮೇಲೆ ರಕ್ತ ಬಂತು ಎಂದು ಅರಿಸಿನ ಹಚ್ಚುವುದು ನಿಮ್ಮ ಪದ್ಧತಿ.

ಆದರೆ ಬೇರೆ ಹೇಂಟೆಗಳು ಮರಿಯನ್ನು ಕುಕ್ಕಿ ಕೊಂದ ಉದಾಹರಣೆ ಬೇಕಾದಷ್ಟಿವೆ.

ಇವೆ. ಕೊಂದದ್ದು ಎಂಥಾ ಮರಿಯನ್ನು ಎಂದೂ ಕೇಳಬೇಕಲ್ಲ? ಹೆಚ್ಚಿನ ಪಾಲು ತಾಯಿಯಿಲ್ಲದವು, ಇಲ್ಲವೇ ತಾಯಿಯಿಂದ ಬೇರೆ ಸಿಕ್ಕಿಬಿದ್ದವು. ಇಲಾಖೆಯವರು ಹಂಚುವ ಐದು ವಾರದ ಮರಿಗಳನ್ನು ಪೆಟ್ಟಿಗೆಯಿಂದ ನೇರ ಅಂಗಳಕ್ಕೆ ಸುರಿದರೆ ಏಟು ಬೀಳದೆ ಇನ್ನೇನಾದೀತು! ಅವಕ್ಕೆ ಬೇಲಿಯ ಆಚೆಯಿಂದ ಪರಿಚಯ ಮಾಡಿಸುವುದೇ ಸರಿ. ನನ್ನ ಮರಿಗಳ ವಿಷಯ ಹಾಗಲ್ಲ. ಮರಿಯಾದ ಹೊಸದರಲ್ಲಿ ನನಗಿರುವ ಸಿಟ್ಟು ಮತ್ತೆಂದೂ ಇರುವುದಿಲ್ಲ. ರೆಕ್ಕೆ ಇಳಿಬಿಟ್ಟು, ಪುಕ್ಕ ಕೆದರಿ, ತಲೆ ತಗ್ಗಿಸಿ ಒಂದೇ ಓಟ ಓಡಿದೆನೆಂದರೆ ನನಗಿಂತ ಮೇಲಿನವಳೂ ಗೊಬ್ಬರಗುಂಡಿಯ ಆಚೆ ನಿಲ್ಲುತ್ತಾಳೆ. ನಾಯಿಯೂ ದಾರಿ ಬಿಡುತ್ತದೆ. ಆರೆಂಟು ವಾರಕ್ಕೆ ಆ ಸಿಟ್ಟು ತಾನಾಗಿ ಇಳಿಯುತ್ತದೆ. ನೀವು ಮಾಡುವುದು ಏನೆಂದರೆ, ಕಾಯುವ ಶಕ್ತಿ ಇರುವಷ್ಟು ದಿನ ಕೂಡಿಹಾಕಿ, ಅದು ಇಳಿದ ದಿನ ಮುಹೂರ್ತ ನೋಡಿ ಬಿಡುವುದು.

ಗಿಡುಗ, ಮುಂಗುಸಿ, ಕಾಡುಬೆಕ್ಕು? ಮಲೆನಾಡಿನ ಮಳೆ?

ಮಳೆಯ ಮಾತು ಒಪ್ಪಿದೆ. ಮೊದಲ ವಾರ ಮರಿಗೆ 35 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ನೆಂದ ಮರಿ ನನ್ನ ಅಡಿಗೆ ಬರುವಷ್ಟರಲ್ಲಿ ಸೆಟೆದುಕೊಳ್ಳುತ್ತದೆ. ಆಷಾಢದಲ್ಲಿ ಕೊಟ್ಟಿಗೆಯ ಮೂಲೆಯೇ ನಮಗೆ ಸರಿ, ಆದರೆ ಉಳಿದವರ ಕಣ್ಣೆದುರಿಗೆ. ಗಿಡುಗನ ವಿಷಯದಲ್ಲಿ ಮಾತ್ರ ನಿಮ್ಮ ವಾದ ತಿರುಗುಮುರುಗು. ಹತ್ತು ಕೋಳಿ ಇದ್ದಲ್ಲಿ ಇಪ್ಪತ್ತು ಕಣ್ಣು. ಆಕಾಶದ ವೈರಿಗೆ ಹುಂಜ ಕೂಗುವ ಕೂಗು ಬೇರೆ, ನೆಲದ ವೈರಿಗೆ ಬೇರೆ. ಮೊದಲನೆಯದಕ್ಕೆ ದರಕಿನೊಳಗೆ ಅಡಗಬೇಕು, ಎರಡನೆಯದಕ್ಕೆ ಕತ್ತು ನೀಟಿ ನೋಡಬೇಕು, ಓಡಬೇಕು. ಹೆಡಿಗೆಯ ಅಡಿಯಲ್ಲಿ ಎರಡು ತಿಂಗಳು ಬೆಳೆದ ಮರಿ ಈ ಪಾಠವನ್ನು ಎಲ್ಲಿ ಕಲಿತೀತು? ಒರಲೆ ಕೆದಕುವುದನ್ನಾದರೂ ಕಲಿತೀತೇ?

ರೋಗ ಹರಡಿದರೆ?

ಕೊಕ್ಕರೆ ರೋಗಕ್ಕೆ ಹೆಡಿಗೆ ಅಡ್ಡ ಬರುವುದಿಲ್ಲ. ಅದೇ ಕೈ, ಅದೇ ನೀರಿನ ತಟ್ಟೆ, ಅದೇ ಅಂಗಳ. ಲಸಿಕೆ ಹಾಕಿಸಿ. ಬೇರೆ ಇಡಬೇಕಾದ್ದು ಸಂತೆಯಿಂದ ತಂದ ಕೋಳಿಯನ್ನು. ಅದನ್ನು ಮಾತ್ರ ತಂದ ಸಂಜೆಯೇ ನಮ್ಮ ಒಡ್ಡಿಗೆ ನೂಕುತ್ತೀರಿ.

ಹಾಗಾದರೆ ಸಾಕಿದವರು ಮಾಡಬೇಕಾದ್ದು ಏನೂ ಇಲ್ಲವೇ?

ಜಾಗ ಕೊಡಬೇಕು. ಈ ತಾಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. ಗಿಡಕ್ಕೆ ಅಷ್ಟು ಉದಾರ. ಹನ್ನೆರಡು ಜೀವಕ್ಕೆ ಒಂದು ಹೆಡಿಗೆ! ನಮ್ಮಲ್ಲಿ ಸಾವಾಗುವುದು ಮೂಲೆಗೆ ಸಿಕ್ಕಿಬಿದ್ದಾಗ. ಸೋತವಳಿಗೆ ಓಡಲು ದಾರಿ, ಅಡಗಲು ಒಂದು ಕಟ್ಟಿಗೆ ರಾಶಿ ಇದ್ದರೆ ಜಗಳ ಎರಡು ಕುಕ್ಕಿಗೆ ಮುಗಿಯುತ್ತದೆ. ನುಚ್ಚನ್ನು ಮೂರು ಕಡೆ ಹಾಕಿ. ಅಡಿಕೆ ದಬ್ಬೆಯನ್ನು ಎರಡು ಬೆರಳ ಸಂದು ಬಿಟ್ಟು ಬಿಗಿದರೆ ಮರಿ ನುಸುಳುತ್ತದೆ, ದೊಡ್ಡ ಕೋಳಿ ಹೊರಗೇ ನಿಲ್ಲುತ್ತದೆ. ಮರಿಯ ಪಾಲು ಅದರೊಳಗಿರಲಿ. ಅಂಗಡಿಯಿಂದ ಮೊಟ್ಟೆ ಕೋಳಿಯ ಫೀಡ್ ತರುವವರಿಗಂತೂ ಇದು ಬೇಕೇ ಬೇಕು. ಅದರಲ್ಲಿ ಚಿಪ್ಪಿಗೆಂದು ಸೇರಿಸಿದ ಸುಣ್ಣದಂಶ ಮರಿಯ ಮೂತ್ರಪಿಂಡಕ್ಕೆ ಕೇಡು.

ಕೊನೆಗೆ ನೀವೇ ನಿಮ್ಮ ಮಕ್ಕಳನ್ನು ಕುಕ್ಕಿ ಓಡಿಸುತ್ತೀರಲ್ಲ, ಅದಕ್ಕೇನೆನ್ನುತ್ತೀರಿ?

ಓಡಿಸುತ್ತೇನೆ. ಮತ್ತೆ ಮೊಟ್ಟೆ ಇಡುವ ಹೊತ್ತು ಬಂದಿರುತ್ತದೆ. ಅಷ್ಟರೊಳಗೆ ಯಾರಿಗೆ ದಾರಿ ಬಿಡಬೇಕು, ಯಾರ ಪಕ್ಕ ಮೇಯಬಹುದು ಎಂಬುದು ಅವಕ್ಕೆ ಗೊತ್ತಾಗಿರುತ್ತದೆ. ಏಣಿಯ ಕೊನೆಯ ಮೆಟ್ಟಿಲು ಸಿಕ್ಕಿದರೂ ಅದು ಅವರದ್ದೇ ಮೆಟ್ಟಿಲು. ನಿಮ್ಮ ಸೊಸೈಟಿಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನವರಿಗೆ ಅಷ್ಟೂ ಖಾತ್ರಿ ಇಲ್ಲ. ಹೇಂಟೆಮರಿಗಳು ಮೊಟ್ಟೆ ಇಡಲು ಶುರುಮಾಡಿದ ಮೇಲೆ ಒಂದೊಂದೇ ಮೆಟ್ಟಿಲು ಹತ್ತುತ್ತವೆ. ಹುಂಜಮರಿಗಳದ್ದು ಬೇರೆ ಕಥೆ. ಅವು ಮೇಲಿನ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ನಿಮ್ಮ ಮನೆಗೆ ನೆಂಟರು ಬರುತ್ತಾರೆ.