ತಾತನ ಲೋಟ

ನಮ್ಮ ಮನೆಗೂ ಒಂದು ಕಾಕ್‌ಟೇಲ್ ಇದೆ. ಅದರ ಹೆಸರು ಕಷಾಯ.

ನಾಗಮಂಗಲದ ಕಡೆಯ ನಮ್ಮೂರಿನಲ್ಲಿ ತಾತನ ಕಾಲಕ್ಕೆ ಯಾವುದು ಕುಡಿಯಬೇಕೆಂಬ ತಲೆನೋವೇ ಇರಲಿಲ್ಲ. ಸಾರಾಯಿ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದರೆ ಆಯಿತು. 2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಲ್ಲಿಸಿದಾಗ ತಾತ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ನಾಲ್ಕನೆಯ ದಿನ ಬ್ರಾಂದಿಗೆ ಬಂದ. ಬ್ರಾಂದಿ ಉಷ್ಣ, ಅದನ್ನು ಹಾಗೇ ಇಳಿಸಬಾರದು ಅಂತ ಅವನ ವಾದ. ಅಷ್ಟು ಹೊತ್ತಿಗೆ ಸಕ್ಕರೆ ಕಾಯಿಲೆಯೂ ಮನೆಗೆ ಬಂದು ಕೂತಿತ್ತು. ಹಾಗಾಗಿ ಕಾಯಿಲೆಗೆ ನೆಲಬೇವು, ನೆಲಬೇವಿನ ಕಹಿ ಮುರಿಯಲು ಬೆಲ್ಲ, ಬೆಲ್ಲ ಕರಗಲು ಬಿಸಿನೀರು, ಇಷ್ಟನ್ನೆಲ್ಲ ಕುಡಿಯಬೇಕಾದ ಸಂಕಟ ಮರೆಯಲು ಬ್ರಾಂದಿ. ಡಾಕ್ಟರು ಕೇಳಿದರೆ "ದಿನಾ ಸಂಜೆ ನೆಲಬೇವಿನ ಕಷಾಯ ಕುಡೀತೀನಿ ಸ್ವಾಮಿ" ಅನ್ನುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕಾಸಿ, ಸೋಸಿ, ಹದ ನೋಡಿ ಕೊಡುವವಳು ಅಜ್ಜಿ. "ನಾನು ಮೂಸಿ ಕೂಡ ನೋಡ್ದೋಳಲ್ಲ ಕಣಪ್ಪ" ಎಂದು ಕೇಳದಿದ್ದವರಿಗೂ ಹೇಳುತ್ತಿದ್ದಳು.

ಮುಂದೆ ನಾನು ಬೆಂಗಳೂರು ಸೇರಿ, ನಾಲ್ಕು ಕಾಸು ಕಂಡು, ಗೆಳೆಯರ ಜೊತೆ ಮಬ್ಬುಗತ್ತಲಿನ ಬಾರೊಂದರಲ್ಲಿ ಕೂತಾಗ ಹುಡುಗನೊಬ್ಬ ಬೆಲ್ಲ ಹಾಕಿದ ಕಾಕ್‌ಟೇಲನ್ನು ತಂದಿಟ್ಟು 650 ರೂಪಾಯಿ ಬಿಲ್ಲು ಮಾಡಿದ. ಹೊಟ್ಟೆಯುರಿದು ಈ ಕಾಕ್‌ಟೇಲಿನ ಕುಲಗೋತ್ರ ಹುಡುಕಿದೆ. 1806ರ ಮೇ 13ರಂದು ನ್ಯೂಯಾರ್ಕ್ ಸೀಮೆಯ ಹಡ್ಸನ್ ಊರಿನ ಪತ್ರಿಕೆಯೊಂದು, ಕಾಕ್‌ಟೇಲ್ ಅಂದರೇನು ಎಂದು ಕೇಳಿದ ಓದುಗನಿಗೆ ಉತ್ತರ ಕೊಟ್ಟಿದೆ: ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ಕಹಿಮದ್ದು. ನಾಲ್ಕಕ್ಕೆ ನಾಲ್ಕೂ ನಮ್ಮ ತಾತನವೇ! ಇದು ಚುನಾವಣೆಗೆ ನಿಂತವರಿಗೂ ಉಪಯೋಗ, ಒಂದು ಲೋಟ ನುಂಗಿದವನು ಆಮೇಲೆ ಏನು ಹೇಳಿದರೂ ನುಂಗುತ್ತಾನೆ ಎಂಬರ್ಥದ ಮಾತೂ ಅಲ್ಲಿತ್ತು. ಪಂಚಾಯ್ತಿ ಎಲೆಕ್ಷನ್ನುಗಳನ್ನು ಕಂಡಿರುವ ನಮ್ಮೂರಿನವರಿಗೆ ಇದಕ್ಕೆ ಅಮೆರಿಕದ ಪತ್ರಿಕೆಯೇ ಬೇಕಾಗಿರಲಿಲ್ಲ.

ತಾತ ಹೋದ ಮೇಲೆ ಕಷಾಯ ಹಿರಿಯರ ಹಬ್ಬಕ್ಕೆ ಬಂತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಫೋಟೋ ಮುಂದೆ ಹೊಸ ಪಂಚೆ, ಸೀರೆ ಇಟ್ಟು, ಬಾಳೆಲೆ ಹಾಸಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನು ಎಡೆ ಇಡುತ್ತಾರೆ. ಮುದ್ದೆ, ಬಾಡಿನ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ತಾತನ ಸ್ಟೀಲ್ ಲೋಟ. ಧೂಪ ಹಾಕಿ ಕೈಮುಗಿದು, ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಅಂತ ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿಗೆ ಬರುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಒಳಗೆ ಹೋಗುವುದು.

ಪ್ರತಿ ವರ್ಷವೂ ಲೋಟ ಎರಡು ಬೆರಳು ಇಳಿದಿರುತ್ತಿತ್ತು. ಮಕ್ಕಳು ಬೆರಗಾಗಿ ತಾತನ ಫೋಟೋ ನೋಡಿದರೆ, ದೊಡ್ಡವರೆಲ್ಲ ಚಿಕ್ಕಪ್ಪನನ್ನು ನೋಡುತ್ತಿದ್ದರು. ಜಗಲಿಗೆ ಕೊನೆಯಲ್ಲಿ ಬರುವವನು ಅವನೇ. ಒಂದು ವರ್ಷ ಅವನ ಬಾಯಿ ಮೂಸುವ ಮಟ್ಟಕ್ಕೂ ಹೋಗಿತ್ತು ವಿಚಾರಣೆ. ಅವನು ಬೆಳಿಗ್ಗೆಯೇ ಬೇರೆ ಕಡೆ ಶುರು ಮಾಡಿಕೊಂಡಿದ್ದರಿಂದ ಸಾಕ್ಷಿ ನಿಲ್ಲಲಿಲ್ಲ.

ಹಬ್ಬದ ಮಾರನೆಯ ಬೆಳಿಗ್ಗೆ ಅಜ್ಜಿಯ ವರದಿ ಬರುತ್ತಿತ್ತು. "ರಾತ್ರಿ ಕನಸಲ್ಲಿ ಬಂದಿದ್ರು ನಿಮ್ಮ ತಾತ. ಸಾರು ಚೆನ್ನಾಗಿತ್ತಂತೆ. ಕಷಾಯಕ್ಕೆ ನೀರು ಜಾಸ್ತಿಯಾಗಿತ್ತಂತೆ." ಮುಂದಿನ ವರ್ಷ ನೀರು ಕಡಿಮೆ ಮಾಡುತ್ತಿದ್ದೆವು. ಆಗ ನೆಲಬೇವು ಹೆಚ್ಚಾಯಿತಂತೆ ಎಂದು ಸುದ್ದಿ ಬರುತ್ತಿತ್ತು. ಬದುಕಿದ್ದಾಗ ಕೊಟ್ಟದ್ದನ್ನು ಮಾತಿಲ್ಲದೆ ಕುಡಿದ ಮನುಷ್ಯ ಸತ್ತ ಮೇಲೆ ಇಷ್ಟು ನಾಜೂಕಾದದ್ದು ಹೇಗೆಂದು ಅಪ್ಪನಿಗೆ ಆಶ್ಚರ್ಯ.

2024ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೇ ಬಿತ್ತು. ಗಾಂಧಿ ತಾತನ ಹಬ್ಬದ ದಿನವೇ ನಮ್ಮ ತಾತನ ಹಬ್ಬ. ಅಂದೇ ಸೂರ್ಯಗ್ರಹಣ ಬೇರೆ. ಅದು ನಮಗೆ ಕಾಣುವುದಿಲ್ಲವೆಂದು ಸಮಾಧಾನ ಪಟ್ಟುಕೊಂಡರೆ, ಬ್ರಾಂದಿ ಅಂಗಡಿಗಳೂ ಬಾಗಿಲು ಮುಚ್ಚಿ ಕಾಣದಂತಾಗಿದ್ದವು. ಬಾಡಿನ ಚಿಂತೆಯಿರಲಿಲ್ಲ, ಹಿತ್ತಲಿನಲ್ಲಿ ಹುಂಜವಿತ್ತು. ಹಿಂದಿನ ದಿನವೇ ತರುತ್ತೇನೆಂದಿದ್ದ ಚಿಕ್ಕಪ್ಪ ತಂದದ್ದೂ ನಿಜ, ರಾತ್ರಿಯೇ ಖಾಲಿ ಮಾಡಿದ್ದೂ ನಿಜ. ಬೈಗುಳ ತಿಂದು, ಪಕ್ಕದೂರಿನ ಗೂಡಂಗಡಿಯಲ್ಲಿ ಸಿಗುತ್ತದೇನೋ ನೋಡುತ್ತೇನೆಂದು ಬೈಕ್ ಹತ್ತಿದವನು ಮಧ್ಯಾಹ್ನವಾದರೂ ಪತ್ತೆಯಿಲ್ಲ.

ಎಡೆ ತಣ್ಣಗಾಗುತ್ತಿತ್ತು. ಅಜ್ಜಿ ಮೆಲ್ಲಗೆ ಎದ್ದು ಒಳಮನೆಗೆ ಹೋಗಿ, ರಾಗಿ ವಾಡೆಯ ಹಿಂದೆ ಕೈ ಹಾಕಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಕ್ವಾರ್ಟರ್ ಬಾಟಲಿ ತಂದಳು. ಅರ್ಧ ಇತ್ತು.

"ಮಂಡಿಗೆ ಉಜ್ಜಕೆ ಅಂತ ಮಡಿಕ್ಕಂಡಿದ್ದೆ" ಅಂದಳು.

ಕಷಾಯ ಬೆರೆಸಿ, ಧೂಪ ಹಾಕಿ, ಬಾಗಿಲೆಳೆದು ಆಚೆ ಬಂದೆವು. ಅಜ್ಜಿ ಎಂದಿನಂತೆ ಮಂಡಿ ನೋವು, ಮೆಟ್ಟಿಲು ಇಳಿಯಲಾರೆ ಎಂದು ಅಡುಗೆಮನೆಯಲ್ಲೇ ಉಳಿದಳು. ಎಂದಿನಂತೆ, ಅಂತ ಬರೆಯುವಾಗಲೇ ನನಗೆ ನಗು ಬರುತ್ತಿದೆ. ಇಷ್ಟು ವರ್ಷ ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ಕೆಮ್ಮಿ ಒಳಗೆ ಹೋದೆವು. ಲೋಟ ಎರಡು ಬೆರಳು ಇಳಿದಿತ್ತು. ಅಷ್ಟರಲ್ಲಿ ಬೈಕಿನ ಸದ್ದಾಯಿತು. ಬರಿಗೈಯಲ್ಲಿ ಹೊಸ್ತಿಲು ದಾಟಿದ ಚಿಕ್ಕಪ್ಪ ಲೋಟ ನೋಡಿ, ನಮ್ಮ ಮುಖ ನೋಡಿ, "ನಾನು ಈಗ ಬರ್ತಾ ಇದೀನಿ! ಎಲ್ರೂ ನೋಡ್ಕಳಿ!" ಎಂದು ಕೂಗಿದ.

ಯಾರೂ ಮಾತಾಡಲಿಲ್ಲ. ಅಜ್ಜಿ ಸೆರಗಿನಿಂದ ಬಾಯೊರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಈ ಸಲ ಬೆಲ್ಲ ಒಂಚೂರು ಕಮ್ಮಿಯಾಯ್ತಂತೆ ಕಣ್ ಮಗ."

ಬೆಳಗಿನ ಜಾವ ನಾಲ್ಕಕ್ಕೆ ಎದ್ದವಳು ಅಲ್ಲಿಯ ತನಕ ಒಂದು ಗಳಿಗೆಯೂ ಮಲಗಿರಲಿಲ್ಲ.