ದೇವಾನಾಂಪ್ರಿಯರ ಸನ್ನಿಧಾನಕ್ಕೆ ಓದುಗನ ಬಿನ್ನಹ

ಶ್ರೀಮನ್ಮಹಾರಾಜ ಅಶೋಕ ಚಕ್ರವರ್ತಿಗಳಲ್ಲಿ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ವಾಚನಾಲಯಗಳಲ್ಲಿ ಆಯುಷ್ಯದ ಒಂದು ಪಾಲನ್ನು ಸವೆಸಿದ ಓದುಗನೊಬ್ಬನ ವಿಜ್ಞಾಪನೆ.

ತಾವು ಮಸ್ಕಿಯ ಗುಡ್ಡದಲ್ಲಿ ಕೊರೆಯಿಸಿದ ಶಾಸನವೇ ಈ ಸೀಮೆಯ ಪ್ರಥಮ ಸಾರ್ವಜನಿಕ ಗ್ರಂಥಾಲಯವೆಂದು ನನ್ನ ಭಾವನೆ: ಅಲ್ಲಿ ಠೇವಣಿಯಿಲ್ಲ, ಸೋಮವಾರದ ರಜೆಯಿಲ್ಲ, ಪುಸ್ತಕವನ್ನು ಹಿಂದಿರುಗಿಸುವ ಗೊಡವೆಯಿಲ್ಲ. ಕೊರತೆಯೆಂದರೆ ಗ್ರಂಥಸೂಚಿಯದೊಂದೇ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದ್ದರೂ, 'ದೇವಾನಾಂಪ್ರಿಯ'ನೆಂಬ ಗ್ರಂಥಕರ್ತನು ಅಶೋಕನೇ ಎಂಬುದಕ್ಕೆ ಶಿಲಾಸಾಕ್ಷ್ಯವು ದೊರೆಯಬೇಕಾದರೆ, 1915ರಲ್ಲಿ ಚಿನ್ನದ ಅದಿರನ್ನರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಈ ಬಂಡೆಯು ಬೀಳಬೇಕಾಯಿತು. ಗುಡ್ಡದ ದನಗಾಹಿಗಳಿಗೆ ಆ ಅಕ್ಷರಗಳ ಗುರುತು ಮೊದಲೇ ಇದ್ದಿತೋ ಏನೋ. ಅವರ ಮಾತನ್ನು ಬರೆದುಕೊಳ್ಳುವ ವಹಿಯು ಯಾವ ಕಚೇರಿಯಲ್ಲಿಯೂ ಇರಲಿಲ್ಲ.

ಈಗಲಾದರೋ 1965ರ ಗ್ರಂಥಾಲಯ ಅಧಿನಿಯಮವುಂಟು. ಆಸ್ತಿ ತೆರಿಗೆಯ ರೂಪಾಯಿಯೊಂದರ ಬೆನ್ನಿಗೆ ಆರು ಪೈಸೆಯ ಗ್ರಂಥಾಲಯ ಕರವುಂಟು. 2020ರಿಂದ ಪುಸ್ತಕವನ್ನು ಮೊಬೈಲಿಗೇ ಇಳಿಸಿಕೊಡುವ ಡಿಜಿಟಲ್ ಗ್ರಂಥಾಲಯವೂ ಉಂಟು. ಇಷ್ಟರಿಂದ ತೃಪ್ತರಾಗದ ಕೆಲವು ತರುಣರು, ಅಂತರ್ಜಾಲವು ಕೊಡುವುದಕ್ಕಲ್ಲದೆ ಕೇಳಿಸಿಕೊಳ್ಳುವುದಕ್ಕೂ ಒದಗುತ್ತದೆಂಬ ಅಪಾಯಕರವಾದ ವಾದವನ್ನು ಹೂಡಿದ್ದಾರೆ. ಮೂರೂ ಊರುಗಳ ಕಪಾಟುಗಳಲ್ಲಿ ಯಾವ ಪುಸ್ತಕವೆಲ್ಲಿದೆಯೆಂದು ಮನೆಯಿಂದಲೇ ನೋಡಿ ಕಾದಿರಿಸಿಕೊಳ್ಳುವಂತಹ ಸೂಚಿಯು ಬೇಕಂತೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನು ಭತ್ತದ ಬೆಂಕಿರೋಗವನ್ನು ಕುರಿತು ಕೇಳಿದರೆ, ತಕ್ಕ ಗ್ರಂಥವನ್ನೂ ಪುಟವನ್ನೂ ಗ್ರಂಥಪಾಲಕನು ಬರೆದು ತಿಳಿಸಬೇಕಂತೆ. ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯ ಛಾಯಾಚಿತ್ರಗಳನ್ನೂ ಹಟ್ಟಿಯ ಚಿನ್ನದ ಗಣಿಗಿಳಿದವರ ನೆನಪುಗಳನ್ನೂ ಆಯಾ ಮನೆಯವರೇ ತಂದು ಸೇರಿಸುವ ನಕ್ಷೆಯೊಂದು ಬೇಕಂತೆ! ಓದುಗನ ಕಾಲವನ್ನು ಉಳಿಸಿರೆಂದು ಗ್ರಂಥಾಲಯ ಶಾಸ್ತ್ರಜ್ಞ ರಂಗನಾಥನ್ ಅವರು 1931ರಲ್ಲಿಯೇ ಸೂತ್ರ ಬರೆದಿದ್ದಾರೆಂಬುದು ಇವರ ಆಧಾರ. ಓದುಗನಲ್ಲಿ ಕಾಲವು ಬೇಕಾದಷ್ಟಿರುವಾಗ ಅದನ್ನು ಉಳಿಸುವ ಅವಸರವೇನೋ ನಾನರಿಯೆ.

ಇದನ್ನು ಕೇಳಿದ ಅಧಿಕಾರಿಯೊಬ್ಬರು (ಯಾವ ಊರಿನವರೆಂದು ಹೇಳಲಾರೆ) ಬಹಳ ವ್ಯಾಕುಲರಾದರು. ಪ್ರಶ್ನೆಗಳು ಬರತೊಡಗಿದರೆ ಉತ್ತರಿಸುವ ಹುದ್ದೆ ಮಂಜೂರಾಗಿಲ್ಲ. ಯಾವ ಪುಸ್ತಕವಿಲ್ಲವೆಂಬುದು ಎಲ್ಲರಿಗೂ ಗೋಚರವಾದರೆ ಅದನ್ನು ಕೊಳ್ಳಬೇಕಾದೀತು. ಅಲ್ಲದೆ ಸಲಹಾ ಪುಸ್ತಕವು ಇದ್ದೇ ಇದೆಯಲ್ಲ? ಇದೆ, ನಿಜ. ಸುರಕ್ಷತೆಯ ದೃಷ್ಟಿಯಿಂದ ಅದನ್ನು ಬೀರುವಿನಲ್ಲಿರಿಸಿ ಬೀಗ ಹಾಕಲಾಗಿದೆ. ಕೀಲಿಯು ಬೇರೆ ಊರಿಗೆ ನಿಯೋಜನೆಗೊಂಡ ಸಿಬ್ಬಂದಿಯವರೊಡನೆ ತೆರಳಿದೆ.

ಚಕ್ರವರ್ತಿಗಳೇ, ಓದುಗನಿಗೆ ಬರೆಯಲು ತಾವೂ ಬಂಡೆಯ ಮೇಲೆ ಗೇಣು ಜಾಗವನ್ನು ಬಿಡಲಿಲ್ಲವಾದ್ದರಿಂದ, ಆ ಅಧಿಕಾರಿಯವರೇ ತಮ್ಮ ನಿಜವಾದ ಉತ್ತರಾಧಿಕಾರಿಗಳೆಂದು ಮೊದಲು ನಂಬಿದ್ದೆ. ಆದರೆ ತಾವು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಅಹವಾಲನ್ನು ತತ್‌ಕ್ಷಣವೇ ತಂದು ಅರಿಕೆ ಮಾಡತಕ್ಕದ್ದೆಂದು ಆರನೆಯ ಬೃಹತ್ ಶಿಲಾಶಾಸನದಲ್ಲಿ ತಾವು ಆಜ್ಞಾಪಿಸಿರುವುದನ್ನು ಓದಿ ಆ ನಂಬಿಕೆಯು ಸಡಿಲಿತು. ನಮಗೆ ಅಷ್ಟು ಬೇಡ. ಕಚೇರಿಯ ವೇಳೆಯಲ್ಲಿ ಕೇಳಿಸಿಕೊಂಡರೆ ಸಾಕು.

ಇಂತು ವಿಧೇಯ ಓದುಗ.

ವಿ. ಸೂ.: ತಮ್ಮ ಉತ್ತರವು ಬ್ರಾಹ್ಮಿಯಲ್ಲಿದ್ದರೂ ಬಾಧಕವಿಲ್ಲ, 2010ರಲ್ಲಿ ಆ ಲಿಪಿಗೆ ಯುನಿಕೋಡಿನಲ್ಲಿ ಸ್ಥಾನ ದೊರೆತಿದೆ. ಅದನ್ನು ಟಂಕಿಸಲು ನಮ್ಮ ವಾಚನಾಲಯದ ಪುಟದಲ್ಲಿ ಪೆಟ್ಟಿಗೆಯೊಂದನ್ನು ತೆರೆಯುವ ವಿಷಯವು ಪರಿಶೀಲನೆಯಲ್ಲಿದೆ.