ಜೆಲ್ಲಿಯೊಳಗೆ ಇಳಿಯುವವರ ಗಮನಕ್ಕೆ

ಈ ಉಪಕರಣವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಹೆಸರು ಚೈನಾ ಗ್ರಾಸ್. ಬೆಂಗಳೂರಿನ ಮತ್ತಿಕೆರೆಯ ದಿನಸಿ ಅಂಗಡಿಯಲ್ಲಿ ಕೇಳಿದರೆ ಪೊಟ್ಟಣ ಕೊಡುತ್ತಾರೆ. ಹುಲ್ಲೆಂದುಕೊಂಡು ಹಸುವಿಗೆ ಹಾಕಬೇಡಿ, ಇದು ಕಡಲಪಾಚಿಯ ಸಾರ.

ಜೋಡಣೆ: ಒಂದು ಲೀಟರ್ ನೀರಿಗೆ 10 ಗ್ರಾಂ ಹಾಕಿ, ಪೂರ್ತಿ ಕರಗುವವರೆಗೆ ಕುದಿಸಿ, ಮೂರು ಗಾಜಿನ ಲೋಟಗಳಿಗೆ ಮುಕ್ಕಾಲು ಮಟ್ಟಕ್ಕೆ ಸುರಿಯಿರಿ. ಆರಿದಂತೆ ತಾನೇ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಬೇಸಿಗೆಯ ಸೆಕೆಗೆ ಮತ್ತೆ ಕರಗುವುದಿಲ್ಲ. ಈ ಗುಣ ಕಂಡೇ ಫ್ಯಾನಿ ಹೆಸ್ಸೆ ಎಂಬ ಗೃಹಿಣಿ 1881ರಲ್ಲಿ ಜರ್ಮನಿಯ ಸೂಕ್ಷ್ಮಜೀವಿ ಪ್ರಯೋಗಶಾಲೆಗೆ ಇದನ್ನು ಸೂಚಿಸಿದರು. ಅಡುಗೆಮನೆಯಿಂದ ಲ್ಯಾಬಿಗೆ ಹೋದ ವಸ್ತುವನ್ನು ನಾವು ವಾಪಸ್ ಕರೆಸುತ್ತಿದ್ದೇವೆ, ಅಷ್ಟೆ.

ಲೋಟದಲ್ಲಿ ಈಗಿರುವುದು ನೂರಕ್ಕೆ 99 ಪಾಲು ನೀರು. ಉಳಿದ ಒಂದು ಪಾಲು ಹೆಣೆದುಕೊಂಡ ಬಲೆ. ಬಲೆಯ ಕಣ್ಣು ಹೆಚ್ಚುಕಡಿಮೆ 100 ನ್ಯಾನೋಮೀಟರ್. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಅಂದುಕೊಳ್ಳಿ.

ಬಳಕೆ: ಮೊದಲ ಲೋಟಕ್ಕೆ ಬೀಟ್‌ರೂಟ್ ರಸ, ಎರಡನೆಯದಕ್ಕೆ ನಂದಿನಿ ಹಾಲು, ಮೂರನೆಯದಕ್ಕೆ ಅರಿಶಿನದ ನೀರು ಹಾಕಿ ಮಲಗಿ. ಹಾಲಿನ ಲೋಟ ಫ್ರಿಜ್ಜಿಗೆ, ಇಲ್ಲವಾದರೆ ಬೆಳಿಗ್ಗೆ ಮೊಸರಿನ ಪ್ರಯೋಗವಾಗಿರುತ್ತದೆ.

ಬೆಳಿಗ್ಗೆ ಬೀಟ್‌ರೂಟ್ ಬಣ್ಣ ಅರ್ಧ ಸೆಂಟಿಮೀಟರಿನಷ್ಟು ಇಳಿದಿರುತ್ತದೆ. ಅದರ ಅಣು ಸುಮಾರು ಒಂದು ನ್ಯಾನೋಮೀಟರ್, ಬಲೆ ಅದಕ್ಕೆ ತೆರೆದ ಬಾಗಿಲು. ಹಾಲಿನ ಬಿಳುಪು ಮಾತ್ರ ಮೇಲೆಯೇ ಕುಳಿತಿರುತ್ತದೆ, ಏಕೆಂದರೆ ಕೇಸೀನ್ ಎಂಬ ಪ್ರೋಟೀನಿನ ಗುಂಡುಗಳು ಸರಾಸರಿ 150 ನ್ಯಾನೋಮೀಟರ್ ಅಡ್ಡಗಲ. ಕೆನೆಯ ಹನಿಗಳು ಇನ್ನೂ ದೊಡ್ಡವು. ಆದರೆ ಅದೇ ಹಾಲಿನ ಸಕ್ಕರೆ, ಲ್ಯಾಕ್ಟೋಸ್, ಸದ್ದಿಲ್ಲದೆ ಒಳಗೆ ಹೋಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲವೆಂದು ನಮ್ಮ ಮೇಲೆ ದೂರು ಬರೆಯಬೇಡಿ.

ಅರಿಶಿನ ಇಳಿಯಲಿಲ್ಲವೇ? ಅದರ ಬಣ್ಣದ ಅಣುವೂ ಪುಟ್ಟದೇ. ನೀರಿನಲ್ಲಿ ಕರಗದು, ಪುಡಿಯಾಗಿಯೇ ತೇಲುತ್ತದೆ. ಬಾಗಿಲು ಎಷ್ಟೇ ಅಗಲವಿರಲಿ, ಒಬ್ಬೊಬ್ಬರಾಗಿ ಬರಬೇಕು. ಗುಂಪಾಗಿ ಬಂದವರಿಗೆ ಪ್ರವೇಶವಿಲ್ಲ.

ಎಚ್ಚರಿಕೆ: ಒಂದು ರಾತ್ರಿಗೆ ಅರ್ಧ ಸೆಂಟಿಮೀಟರ್ ಆದರೆ ಎರಡು ರಾತ್ರಿಗೆ ಒಂದು ಎಂದು ಲೆಕ್ಕ ಹಾಕಬೇಡಿ. ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಬಣ್ಣದ ಅಣುವಿಗೆ ಕೆಳಗೆ ಯಾವುದು, ಮೇಲೆ ಯಾವುದು ಗೊತ್ತಿಲ್ಲ. ಅಕ್ಕಪಕ್ಕದ ನೀರು ದೂಡಿದತ್ತ ತೂರಾಡುತ್ತದೆ, ಮೊದಲ ಬಾರಿಗೆ ಯಶವಂತಪುರ ಸ್ಟೇಷನ್ನಿನಿಂದ ಹೊರಬಿದ್ದವರಂತೆ. ಚೈನಾ ಗ್ರಾಸ್ ಹೆಚ್ಚು ಹಾಕಿದರೆ ಬಲೆಯ ಕಣ್ಣು ಕಿರಿದಾಗಿ, ದೊಡ್ಡ ಅಣುಗಳ ಪಾಡು ಇನ್ನಷ್ಟು ಕಷ್ಟ.

ಮತ್ತಿಕೆರೆ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಇಷ್ಟು ರಾತ್ರಿ ಕಾಯುವವರು ಯಾರು? ಡಿಎನ್‌ಎ ತುಂಡುಗಳನ್ನು ಬೇರ್ಪಡಿಸಬೇಕಾದರೆ ಇಂಥದೇ ಜೆಲ್‌ಗೆ ವಿದ್ಯುತ್ ಹಾಯಿಸುತ್ತಾರೆ. ಋಣ ವಿದ್ಯುದಂಶವಿರುವ ಡಿಎನ್‌ಎ ಧನ ತುದಿಯತ್ತ ಓಡುತ್ತದೆ, ಚಿಕ್ಕ ತುಂಡು ಮುಂದೆ, ದೊಡ್ಡದು ಹಿಂದೆ. ತೀರಾ ಉದ್ದದ ಎಳೆ ಉಂಡೆಯಾಗಿ ತೂರದು. ಉದ್ದಕ್ಕೆ ಚಾಚಿಕೊಂಡು ಹಾವಿನಂತೆ ನುಸುಳುತ್ತದೆ. ಸಂಕ್ರಾಂತಿ ಹಿಂದಿನ ದಿನ ಮತ್ತಿಕೆರೆ ಮಾರುಕಟ್ಟೆಯಲ್ಲಿ ಸ್ಕೂಟರಿನ ಮೇಲೆ ಕಬ್ಬಿನ ಜಲ್ಲೆ ಒಯ್ಯುವವರನ್ನು ನೋಡಿ. ಉದ್ದಕ್ಕೆ ಹಿಡಿದವನು ಮನೆ ಸೇರುತ್ತಾನೆ. ಅಡ್ಡಕ್ಕೆ ಹಿಡಿದವನು ಬೈಸಿಕೊಳ್ಳುತ್ತಾನೆ.

ಕೊನೆಯ ಸೂಚನೆ, ಇದನ್ನು ಮೊದಲೇ ಹೇಳಬೇಕಿತ್ತು: ತಿನ್ನಲೆಂದು ಮಾಡುವ ಜೆಲ್ಲಿಗೆ ಸಕ್ಕರೆಯನ್ನು ಕುದಿಯುವಾಗಲೇ ಹಾಕಿ. ಮರೆತು ಆಮೇಲೆ ಮೇಲೆ ಉದುರಿಸಿದರೂ ಇಳಿಯುತ್ತದೆ, ಸಕ್ಕರೆಯ ಅಣು ಚಿಕ್ಕದು. ನಾಲ್ಕು ಸೆಂಟಿಮೀಟರ್ ಆಳದ ತಳಕ್ಕೆ ಸಿಹಿ ಮುಟ್ಟಲು ಎರಡು ವಾರದ ಮೇಲೆ ಹಿಡಿಯುತ್ತದೆ.